ಉಗಿಬಂಡಿಯ ಹೊಟ್ಟೆಗೆ ಡಿಕೋಡರ್

ಸಂಜೆಯ ಬಜಿಗೆಂದು ಇಂದುಮತಿ ಮೆಣಸಿನಕಾಯಿ ಸೀಳುತ್ತಿದ್ದಳು. ಅರ್ಧ ಬುಟ್ಟಿ ಮುಗಿದಿತ್ತು. ಅಷ್ಟರಲ್ಲಿ ಪಡಸಾಲೆಯ ಮೇಜಿನ ಮೇಲಿದ್ದ ನನ್ನ ಹೊಟ್ಟೆಯಿಂದ ಹೊಗೆ ಎದ್ದಿತು.

ಉಗಿಬಂಡಿ ಹೊಗೆ ಬಿಟ್ಟರೆ ಅದೇನು ದೊಡ್ಡ ಸಂಗತಿ ಎನ್ನಬೇಡಿ. ನಾನು ಗೇಣಿಗಿಂತ ತುಸು ಉದ್ದದ ಒಂದು ಮಾದರಿ ಉಗಿಬಂಡಿ. ನನಗೆ ಕಲ್ಲಿದ್ದಲೂ ಬೇಡ, ನೀರೂ ಬೇಡ. ಹಳಿಯಿಂದ ಕರೆಂಟು ಹೀರಿಕೊಂಡು ಓಡುತ್ತೇನೆ. ನನ್ನಂಥದ್ದರಿಂದ ಹೊಗೆ ಬಂತೆಂದರೆ ಒಳಗೆ ಏನೋ ಸುಟ್ಟಿತೆಂದೇ ಅರ್ಥ.

"ಏನ್ರೀ ಅದು ವಾಸನಿ?" ಇಂದುಮತಿ ಒಳಗಿನಿಂದಲೇ ಕೇಳಿದಳು.

"ಡಿಕೋಡರ್ ಹೋತು," ಎಂದ ಅವಳ ಗಂಡ ಮೌನೇಶಪ್ಪ. ದನಿ ಕೇಳಿದರೆ ಹತ್ತಿರದ ನೆಂಟರು ಹೋದಂತಿತ್ತು.

ನನ್ನ ಹುಟ್ಟು ಇಂಗ್ಲೆಂಡಿನ ಒಂದು ಕಾರ್ಖಾನೆಯಲ್ಲಿ, ಐವತ್ತು ವರ್ಷಗಳ ಹಿಂದೆ. ಉದ್ದನೆಯ ಮೇಜಿನ ಎರಡೂ ಕಡೆ ಹೆಂಗಸರು ಕೂತು, ಸಿನಿಮಾದ ಮಾತಾಡುತ್ತ, ನಮಗೆ ಗಾಲಿ ಜೋಡಿಸುತ್ತಿದ್ದರು. ಹಸಿರು ಬಣ್ಣ ಬಳಿದು ಡಬ್ಬಿಯಲ್ಲಿ ಮಲಗಿಸಿದರು. ಧಾರವಾಡದ ಡಾಕ್ಟರ್ ನಾಡಿಗೇರರು ಅಲ್ಲಿ ಓದು ಮುಗಿಸಿ ಊರಿಗೆ ಮರಳುವಾಗ ನನ್ನನ್ನೂ ತಂದರು. ಅವರ ದವಾಖಾನೆಯಲ್ಲಿ ನನ್ನ ಕೆಲಸ ಒಂದೇ: ಸೂಜಿ ಚುಚ್ಚುವಾಗ ಮಕ್ಕಳ ಕಣ್ಣನ್ನು ನನ್ನ ಕಡೆ ಸೆಳೆಯುವುದು. ಎಷ್ಟು ಅಳುವನ್ನು ಅರ್ಧಕ್ಕೇ ನಿಲ್ಲಿಸಿದ್ದೇನೋ! ದವಾಖಾನೆ ಮುಚ್ಚಿದ ದಿನ ಡಾಕ್ಟರು ನನ್ನನ್ನು ಮೌನೇಶಪ್ಪನ ಕೈಗಿಟ್ಟರು. ರೈಲಿನಲ್ಲಿ ಟಿಕೆಟ್ ತಪಾಸಣೆ ಮಾಡುತ್ತಿದ್ದ ಅವನು ನೆಗಡಿಯ ನೆಪ ಹೇಳಿ ನನ್ನನ್ನು ನೋಡಲು ಬರುತ್ತಿದ್ದುದು ಅವರಿಗೆ ಗೊತ್ತಿತ್ತು. "ನಿನ್ನ ನೆಗಡಿಗೆ ಇದ ಔಷಧ, ತಗೊಂಡು ಹೋಗು," ಎಂದರು.

ಹೀಗೆ ನಾನು ಹುಬ್ಬಳ್ಳಿಗೆ ಬಂದೆ. ನಿವೃತ್ತನಾದ ಮೇಲೆ ಮೌನೇಶಪ್ಪ ಪಡಸಾಲೆಯಲ್ಲಿ ದೊಡ್ಡ ಮೇಜು ಹಾಕಿ ಹಳಿ ಹಾಸಿದ. ಐತವಾರದ ಸಂಜೆ ಮೂವರು ಗೆಳೆಯರು ತಮ್ಮ ತಮ್ಮ ಬಂಡಿ ತರುತ್ತಿದ್ದರು. ಬರಬರುತ್ತ ಅವರು ತರುವ ಬಂಡಿಗಳಿಗೆಲ್ಲ ಡಿಕೋಡರ್ ಬಂತು. ಉಗುರಿನಗಲದ ಒಂದು ಹಲಗೆ, ಅದಕ್ಕೆ ನೂಲಿನಂಥ ಬಣ್ಣಬಣ್ಣದ ತಂತಿಗಳು. ಅದು ಹೊಟ್ಟೆಯಲ್ಲಿದ್ದರೆ, ಒಂದೇ ಹಳಿಯ ಮೇಲೆ ನಾಲ್ಕು ಬಂಡಿ ನಿಂತಿದ್ದರೂ ಯಾವುದರ ನಂಬರು ಒತ್ತುತ್ತಾರೋ ಅದಷ್ಟೇ ಹೊರಡುತ್ತದೆ. ಅದಿಲ್ಲದ ನಾನು ಆ ಹಳಿ ಏರುವಂತೆಯೇ ಇರಲಿಲ್ಲ. ಗೆಳೆಯ ಹುಸೇನಸಾಬರು ಎರಡು ಡಿಕೋಡರ್ ಕೊಟ್ಟಿದ್ದರು. ಅದರಲ್ಲಿ ಮೌನೇಶಪ್ಪ ನನಗೆ ಕೂಡಿಸಿದ್ದ ಒಂದು ಈಗ ಸುಟ್ಟಿತ್ತು.

"ಇನ್ನೊಂದೂ ಸುಡೂದು ಬ್ಯಾಡ," ಮೌನೇಶಪ್ಪ ಕೈಚೆಲ್ಲಿದ. "ಇದರ ಹಣಿಬಾರ ಇಷ್ಟ. ಕಪಾಟಿನ್ಯಾಗ ಇಟ್ಟುಬಿಡ್ತೀನಿ."

ಗಾಜಿನ ಕಪಾಟು! ಅಲ್ಲಿ ಒಂದು ಪಿಂಗಾಣಿ ಬಾತುಕೋಳಿ, ಎರಡು ನಿಂತುಹೋದ ಗಡಿಯಾರ ಇದ್ದವು. ಉಳಿದ ಆಯುಷ್ಯವನ್ನು ಅವುಗಳ ಜೊತೆ ಕಳೆಯಬೇಕೆಂದು ನೆನೆದು ನನ್ನ ಗಾಲಿಗಳೆಲ್ಲ ಬಿಗಿದವು.

ಇಂದುಮತಿ ಕೈಯ ಖಾರ ಹೋಗುವಂತೆ ಎರಡು ಸಲ ಸಾಬೂನು ಹಚ್ಚಿ ತೊಳೆದುಕೊಂಡು ಬಂದಳು. ಕನ್ನಡಕ ಹಾಕಿಕೊಂಡು ನನ್ನನ್ನು ಅಂಗಾತ ಮಲಗಿಸಿ ನೋಡತೊಡಗಿದಳು.

"ನಿನಗೇನ್ ತಿಳೀತೈತಿ ಇಂದೂ? ಇದು ಬಂಗಾರದ ಬೋರಮಾಳ ಸರ ಅಲ್ಲ."

"ಬೋರಮಾಳ ಆಗಿದ್ರ ನಿಮ್ಮ ಕೈಯಾಗ ಕೊಡ್ತಿದ್ನೇನ್ರಿ?"

ಅವಳು ಗದಗಿನ ಪತ್ತಾರರ ಮನೆಯ ಮಗಳು. ಮದುವೆಯಾಗುವ ತನಕ ಅಪ್ಪನ ಪಕ್ಕ ಕೂತು ಬಂಗಾರದ ಸರದ ಕೊಂಡಿಗಳಿಗೆ ಬೆಸುಗೆ ಹಾಕುತ್ತಿದ್ದಳು. ಗಿರಾಕಿ ಬಂದರೆ ಎದ್ದು ಒಳಗೆ ಹೋಗಬೇಕು. ಸರ ಅಪ್ಪನ ಕೈಕೆಲಸವೆಂದೇ ಹೊರಗೆ ಹೋಗುತ್ತಿತ್ತು. ಇದನ್ನು ಅವಳು ಒಮ್ಮೆ ನನ್ನ ಧೂಳು ಒರೆಸುತ್ತ ತನ್ನಷ್ಟಕ್ಕೇ ಆಡಿಕೊಂಡಿದ್ದಳು. ಮೌನೇಶಪ್ಪನೂ ಪತ್ತಾರನೇ. ಆದರೆ ಕುಲುಮೆಯ ಮುಂದೆ ಒಂದು ದಿನವೂ ಕೂತವನಲ್ಲ.

ನನ್ನ ಮೋಟರಿನ ಸ್ಪ್ರಿಂಗಿಗೆ ಎರಡು ಕಾಲು. ಅವಳು ಚಿಮಟದ ತುದಿಯಿಂದ ಒಂದೊಂದನ್ನೇ ಮುಟ್ಟಿದಳು.

"ಈ ಕಾಲಿಗೆ ಕಾಲಚೀಲ ಐತಿ. ಇದು ನೋಡ್ರಿ, ಬರಿಗಾಲು. ಮೈಗೆ ತಾಗೇತಿ."

ಮೌನೇಶಪ್ಪ ಬಗ್ಗಿ ನೋಡಿ ಹಣೆ ಚಚ್ಚಿಕೊಂಡ. ತಪ್ಪು ಅಲ್ಲೇ ಇತ್ತು. ಐವತ್ತು ವರ್ಷ ಹಳಿಯ ಕರೆಂಟು ನನ್ನ ಮೈಯ ಮೂಲಕವೇ ಮೋಟರಿಗೆ ಹೋಗುತ್ತಿತ್ತು. ಡಿಕೋಡರ್ ಬಂದ ಮೇಲೆ ಮೈಯೂ ಮೋಟರೂ ಒಂದಕ್ಕೊಂದು ತಾಗಬಾರದು; ತಾಗಿದರೆ ಡಿಕೋಡರ್ ಸುಡುತ್ತದೆ.

ಅವಳು ಒಂದು ತುಂಡು ತಂತಿಯ ಪ್ಲಾಸ್ಟಿಕ್ ಸಿಪ್ಪೆ ಸುಲಿದು ಬರಿಗಾಲಿಗೆ ತೊಡಿಸಿದಳು. ಆಮೇಲೆ ಉಳಿದ ಡಿಕೋಡರನ್ನು ಕೂಡಿಸಲು ಗಂಡನ ಕೈಯಿಂದ ಬೆಸುಗೆಯ ಸಲಾಕೆ ತೆಗೆದುಕೊಂಡಳು. ಅವನು ಕೊಟ್ಟ, ಆದರೆ ಹಿಡಿಕೆ ಬಿಡಲು ತುಸು ಹೊತ್ತು ಹಿಡಿಯಿತು.

"ಬೆಸಿಗಿಗೆ ಬಿಸಿ ಹಿಡೀಬಾರದ್ರಿ. ಸಾಮಾನಿಗೆ ಹಿಡೀಬೇಕು. ಸಾಮಾನು ಕಾದ್ರ ಬೆಸಿಗಿ ತಾನ ಹರೀತೈತಿ."

ಮೊದಲ ತಂತಿಯ ಬೆಸುಗೆ ಗಂಟಾಯಿತು; ಕರಗಿಸಿ ಮತ್ತೆ ಹಾಕಿದಳು. ಮೂವತ್ತು ವರ್ಷ ಬಿಟ್ಟಿದ್ದ ಕೆಲಸ. ಎರಡನೆಯದು ಒಂದೇ ಸಲಕ್ಕೆ ಕೂತಿತು. ಮೂರನೆಯದಕ್ಕೆ ಏನೋ ಗುನುಗುತ್ತಿದ್ದಳು. ನಾಲ್ಕನೆಯದು ಮುಗಿದಾಗ ಮೌನೇಶಪ್ಪ ಮೀಟರಿನ ಒಂದು ಕಡ್ಡಿಯನ್ನು ನನ್ನ ಮೈಗೂ ಇನ್ನೊಂದನ್ನು ಮೋಟರಿಗೂ ಹಿಡಿದ. ತಾಗಿದ್ದರೆ ಮೀಟರು ಕಿರುಚಬೇಕು. ಕಿರುಚಲಿಲ್ಲ.

ಸಂಜೆ ಗೆಳೆಯರ ಎದುರು ನನ್ನನ್ನು ಹಳಿಗೇರಿಸಿದರು. ಮೊದಲೆಲ್ಲ ಕರೆಂಟು ಬಂದ ಕೂಡಲೇ ನಾನು ದಡಬಡಿಸಿ ಹೊರಡಲೇಬೇಕಿತ್ತು. ಅವತ್ತು ಹಳಿಯ ತುಂಬ ಕರೆಂಟು, ನಾನು ಮಾತ್ರ ನನ್ನ ನಂಬರಿಗೆ ಕಾಯುತ್ತ ನಿಂತಿದ್ದೆ. ನಿಲ್ಲುವುದರಲ್ಲಿ ಇಷ್ಟು ಸುಖವಿದೆಯೆಂದು ಬಣ್ಣ ಎದ್ದುಹೋದ ಈ ವಯಸ್ಸಿನಲ್ಲಿ ತಿಳಿಯಿತು. ನಂಬರು ಬಂತು. ಇರುವೆ ಹೆಜ್ಜೆಯಲ್ಲಿ ಹೊರಟೆ.

"ಆಹಾ! ಹಿಂಗ ಹೊಂಡಬೇಕ್ ನೋಡ್ರಿ ಗಾಡಿ," ಎಂದರು ಹುಸೇನಸಾಬರು. ಅವರು ನಿಜವಾದ ಉಗಿಬಂಡಿಯನ್ನೇ ಓಡಿಸಿದ ಡ್ರೈವರು. "ನಾ ನಡಸೂ ಮುಂದ ಮಂದಿ ಕೈಯಾಗಿನ ಚಾ ತುಳುಕ್ತಿರಲಿಲ್ಲ." ಆಮೇಲೆ ನನ್ನನ್ನು ಎತ್ತಿ ತಿರುವಿ ನೋಡಿದರು. "ಬೆಸಿಗಿ ಮುತ್ತಿನಂಗ ಕುಂತೈತಲ್ಲೋ ಮೌನೇಶಪ್ಪಾ! ಯಾರ್ ಮಾಡಿದ್ದು?"

"ಮನ್ಯಾಗ ಕುಂತು ಮಾಡಿದ್ವಿ," ಎಂದ ಮೌನೇಶಪ್ಪ.

"ನಂದೂ ಮೂರು ಹಳೇವು ಬಿದ್ದಾವು. ಬರೂ ಐತವಾರ ತರ್ತೀನಿ, ನೀನ ಡಿಕೋಡರ್ ಕೂಡಿಸಿಕೊಡಬೇಕು."

"ತರ್ರಿ, ತರ್ರಿ," ಎಂದವನು ಮೆಲ್ಲಗೆ ಅಡುಗೆಮನೆಯ ಕಡೆ ಕಣ್ಣು ಹಾಯಿಸಿದ. ಇಂದುಮತಿ ಬಜಿಯ ತಟ್ಟೆ ಹಿಡಿದು ಬಾಗಿಲಲ್ಲೇ ನಿಂತಿದ್ದಳು. ತಟ್ಟೆ ಮೇಜಿನ ಮೇಲಿಟ್ಟು ಒಳಗೆ ಹೋದಳು.

ಮೌನೇಶಪ್ಪ ಗೆಳೆಯರನ್ನು ಕಳಿಸಲು ಬೀದಿ ತಿರುವಿನವರೆಗೆ ಹೋದಾಗ ಅವಳು ಚಹಾದ ಕಪ್ಪು ಎತ್ತಲು ಬಂದಳು. ಮೇಜಿನ ಸುತ್ತ ನಾಲ್ಕು ಕುರ್ಚಿ, ನಾಲ್ಕೂ ಗಂಡಸರವು. ಅವುಗಳನ್ನು ಒಮ್ಮೆ ನೋಡಿದಳು. ಒಳಗೆ ಹೋಗಿ ತಾನು ಹೊಲಿಗೆಗೆ ಕೂರುವ ಕುರ್ಚಿಯನ್ನು ಎತ್ತಿ ತಂದು, ಕಿಟಕಿಯ ಬೆಳಕು ಬೀಳುವ ಕಡೆ ಹಾಕಿದಳು. ಕೂತು ಮೊಣಕೈ ಮೇಜಿಗೆ ಊರಿ ಎತ್ತರ ನೋಡಿಕೊಂಡಳು. ತುಸು ಮುಂದಕ್ಕೆ ಎಳೆದುಕೊಂಡಳು. ಮುಂದಿನ ಐತವಾರ ಹುಸೇನಸಾಬರು ಬಂದಾಗ ಅವಳು ಅಲ್ಲೇ ಕೂತಿರುತ್ತಾಳೆ ಎಂದು ನನಗೆ ತಿಳಿಯಿತು.

ಮೌನೇಶಪ್ಪ ಚಪ್ಪಲಿ ಬಿಡುತ್ತ ಕೇಳಿದ: "ಇಲ್ಲ್ಯಾಕ ಬಂತು ಈ ಕುರ್ಚಿ?"

"ಇರ್ಲಿ ಬಿಡ್ರಿ," ಎಂದು ಅವಳು ಕಪ್ಪುಗಳನ್ನು ಒಳಗೆ ಒಯ್ದಳು.