ಮೇಣದ ನಾಲಿಗೆ

"ನಾಲಿಗೆ ಇಲ್ಲ ಬಾಯಮ್ಮ. ಕೈ ಉಂಟು, ಕಾಲು ಉಂಟು, ಕಣ್ಣು ಜೋಡಿಯಾಗಿ ಉಂಟು. ಹೃದಯ ಸಣ್ಣದೂ ಉಂಟು, ದೊಡ್ಡದೂ ಉಂಟು. ಇಪ್ಪತ್ತು ವರ್ಷದಿಂದ ಇಲ್ಲೇ ಕೂತಿದ್ದೇನೆ, ನಾಲಿಗೆ ಬೇಕು ಅಂತ ಇವತ್ತಿನವರೆಗೆ ಒಬ್ಬರೂ ಕೇಳಿದ್ದಿಲ್ಲ."

ಇಗರ್ಜಿಯ ಮೆಟ್ಟಿಲ ಬುಡದಲ್ಲಿ ಗೋಣಿ ಹಾಸಿ ಮೇಣದ ಅಂಗಗಳನ್ನು ಸಾಲಾಗಿ ಇಟ್ಟುಕೊಂಡಿದ್ದ ವಿನೋದಾ ಇಷ್ಟು ಹೇಳಿ, ಇನ್ನು ಮಾತು ಮುಗಿಯಿತು ಎಂಬಂತೆ ಮುಂದಿನ ಗಿರಾಕಿಯ ಕಡೆ ತಿರುಗಿದಳು. ಬರ್ತಾ ಬಿಡುವ ಪೈಕಿಯಲ್ಲ. ಅರುವತ್ತೊಂದು ವರ್ಷದಲ್ಲಿ ಅವಳು ಯಾವ ಅಂಗಡಿಯವರನ್ನೂ ಇಷ್ಟು ಸುಲಭದಲ್ಲಿ ಬಿಟ್ಟದ್ದಿಲ್ಲ.

"ಯಾರೂ ಕೇಳದಿದ್ದರೆ ಮಾಡಬಾರದು ಅಂತ ಉಂಟಾ? ಇವರಿಗೆ ಹೋಗಿರುವುದು ಮಾತು. ಮಾತಿಗೆ ಕಾಲು ಕೊಟ್ಟರೆ ಆಗ್ತದಾ?"

"ಹಾಗಾದ್ರೆ ತಲೆ ತೆಕ್ಕೊಳ್ಳಿ. ತಲೆಯೊಳಗೆ ನಾಲಿಗೆಯೂ ಬಂತಲ್ವಾ?"

"ಹೋದ ಸಲ ನೀನು ಹೀಗೇ ಹೇಳಿ ತಲೆ ಕೊಟ್ಟದ್ದು. ಕೈ ಬಂತು, ಕಾಲು ಬಂತು, ಮಾತು ಮಾತ್ರ ಬರಲಿಲ್ಲ. ಯೇಸುವಿಗೆ ದಿನಕ್ಕೆ ಎಷ್ಟು ಸಾವಿರ ಜನರ ಕಷ್ಟ! ನಾವು ಸರಿಯಾಗಿ ಹೇಳದಿದ್ದರೆ ಅವನಾದರೂ ಎಂತ ಮಾಡುವುದು?"

ಕುಕ್ಕುಂದೂರಿನ ಆಚೆ ಗುಡ್ಡದ ಮೇಲಿರುವ ಆ ಸಣ್ಣ ಇಗರ್ಜಿಗೆ ಶುಕ್ರವಾರ ಬೆಳಿಗ್ಗೆ ಎಲ್ಲ ಜಾತಿಯವರೂ ಬರುತ್ತಾರೆ. ದೇಹದ ಯಾವ ಭಾಗ ಕೆಟ್ಟಿದೆಯೋ ಅದನ್ನು ಮೇಣದಲ್ಲಿ ತಂದು, ನೋವಿರುವ ಜಾಗಕ್ಕೆ ಒಮ್ಮೆ ಮುಟ್ಟಿಸಿ, ಶಿಲುಬೆಯ ಮೇಲಿನ ಯೇಸುವಿನ ಪಾದದ ಬಳಿ ಇಟ್ಟು ಬೇಡಿಕೊಳ್ಳುವುದು ಇಲ್ಲಿಯ ಪದ್ಧತಿ. ಅಲೆವೂರಿನಿಂದ ಎರಡು ಬಸ್ಸು, ಒಂದು ರಿಕ್ಷಾ ಹಿಡಿದು ಬರ್ತಾ ಇಲ್ಲಿಗೆ ಬರುವುದು ಇದು ಎರಡನೆಯ ಸಲ. ಜೊತೆಗೆ ಗಂಡ ರೊಸಾರಿಯೊ ಮತ್ತು ಸೊಸೆ ಆಶ್ಲಿ. ಮಗ ಕ್ಲಾಯ್ಡ್ ಕತಾರ್‌ನಲ್ಲಿದ್ದಾನೆ. ಅವನಿಗೆ ಫೋನಿನಲ್ಲಿ ತಾಯಿಯದ್ದೂ ಹೆಂಡತಿಯದ್ದೂ ಕೇಳಿ ಕೇಳಿ ಸಾಕಾಗಿ, ಈಗೀಗ ತಂದೆಯ ಆರೋಗ್ಯ ಮಾತ್ರ ವಿಚಾರಿಸಿ ಇಟ್ಟುಬಿಡುತ್ತಾನೆ.

ರೊಸಾರಿಯೊ ಎಂಟು ತಿಂಗಳ ಹಿಂದೆ ಲಕ್ವ ಹೊಡೆದು ಬಚ್ಚಲಲ್ಲಿ ಬಿದ್ದವನು. ಆಸ್ಪತ್ರೆಯಿಂದ ಮನೆಗೆ ಬಂದ ಮೇಲೆ ನಡೆಯಲು ಕಲಿತ, ಚಮಚ ಹಿಡಿಯಲು ಕಲಿತ. ಬಾಯಿ ತೆರೆದರೆ ಮಾತ್ರ ಗಾಳಿ ಬಿಟ್ಟು ಬೇರೇನೂ ಬರುವುದಿಲ್ಲ. ಬರೆಯಲು ಕೊಟ್ಟರೆ ಬರೀ ಗೀಟು. ಹೇಳಿದ್ದೆಲ್ಲ ಅರ್ಥವಾಗುತ್ತದೆ, ಅದೇ ಅವನ ಸಂಕಟ.

ಯಾವ ಮನೆಯಲ್ಲಾದರೂ ಯಜಮಾನನ ಮಾತು ನಿಂತರೆ ಕಷ್ಟವೇ. ಆ ಮನೆಯಲ್ಲಿ ಎಲ್ಲವೂ ನಿಂತಿತು. ಏಕೆಂದರೆ ಎರಡು ವರ್ಷದಿಂದ ಅತ್ತೆ ಸೊಸೆ ಒಬ್ಬರಿಗೊಬ್ಬರು ಮಾತಾಡುವುದಿಲ್ಲ. ಒಂದೇ ಅಡುಗೆಮನೆ, ಒಂದೇ ಮೇಜು. ಹೇಳಬೇಕಾದ್ದನ್ನೆಲ್ಲ ನಡುವೆ ಕೂತ ರೊಸಾರಿಯೊನಿಗೆ ಹೇಳುವುದು. "ಪಪ್ಪಾ, ಗ್ಯಾಸ್ ಮುಗಿಯಿತು ಅಂತ ಹೇಳಿ." "ಆ ಮಹಾರಾಣಿಗೆ ಹೇಳಿ, ಅಂಗಳದ ಬಟ್ಟೆ ತಾನೇ ನಡೆದುಕೊಂಡು ಒಳಗೆ ಬರುವುದಿಲ್ಲ ಅಂತ." ಅವನು ಆಚೆ ತಿರುಗಿ, "ಆಶ್ಲಿ ಮಗಾ, ಬಟ್ಟೆ ಒಣಗಿದೆಯಂತೆ," ಎನ್ನುತ್ತಿದ್ದ. ಹೀಗೆ ಮುಳ್ಳು ತೆಗೆದು ಮೀನು ಬಡಿಸುವ ಕೆಲಸವನ್ನು ಅವನು ಹದಿನಾರು ತಿಂಗಳು ಮಾಡಿದ. ಆಮೇಲೆ ಬಿದ್ದ.

ಬಿದ್ದ ಮೇಲಾದರೂ ಇವರಿಗೆ ಬುದ್ಧಿ ಬರಬೇಕಿತ್ತು. ಎಲ್ಲಿಂದ ಬರುತ್ತದೆ! ಈಗಲೂ ಇಬ್ಬರೂ ಅವನಿಗೇ ಹೇಳುತ್ತಾರೆ. ಅವನು ಒಮ್ಮೆ ಆಚೆ, ಒಮ್ಮೆ ಈಚೆ ಮುಖ ತಿರುಗಿಸಿ, ಬಾಯಿ ತೆರೆದು ಮುಚ್ಚುತ್ತಾನೆ. ಇವತ್ತು ಬೆಳಿಗ್ಗೆ ಬಸ್ಸಿನಲ್ಲಿಯೂ ಮೂರು ಜನರ ಸೀಟಿನಲ್ಲಿ ಕಿಟಕಿಗೆ ಬರ್ತಾ, ಈಚೆ ಕೊನೆಗೆ ಆಶ್ಲಿ, ನಡುವೆ ಅವನು. ಮಣಿಪಾಲದಿಂದ ಕಾರ್ಕಳದವರೆಗೆ ಇಬ್ಬರ ಮೊಣಕೈಯೂ ಅವನಿಗೇ ತಾಗುತ್ತಿತ್ತು.

"ಸಣ್ಣ ಬಾಯಮ್ಮನಿಗೆ ಮಗು ಬೇಕಾ? ಹೊಸ ಅಚ್ಚಿನದ್ದು, ನೋಡಿ ಎಷ್ಟು ಚಂದ ಉಂಟು," ಎಂದು ವಿನೋದಾ ಅಂಗೈಯಗಲದ ಮೇಣದ ಮಗುವೊಂದನ್ನು ಆಶ್ಲಿಯ ಮುಂದೆ ಹಿಡಿದಳು. ಮಕ್ಕಳಾಗದವರು ಅದನ್ನು ಇಡುತ್ತಾರೆ. ಅವಳಿಗೇನು ಗೊತ್ತು, ವ್ಯಾಪಾರದವಳು. ಆಶ್ಲಿ ಆಚೆಯ ಗೇರುಮರದ ಕೆಳಗೆ ಹೋಗಿ ನಿಂತು, ಮೊಬೈಲ್ ತೆಗೆದು ನೋಡತೊಡಗಿದಳು. ಮೊಬೈಲಿನ ಪರದೆ ಕಪ್ಪಾಗಿಯೇ ಇತ್ತು. ಅದನ್ನು ಬರ್ತಾ ಕಂಡಳು.

ಎರಡು ವರ್ಷದ ಹಿಂದೆ ಅವಳ ಮಗು ಏಳನೆಯ ತಿಂಗಳಲ್ಲಿ ಹೊಟ್ಟೆಯಲ್ಲೇ ಹೋಗಿತ್ತು. ಆಶ್ಲಿ ಮಣಿಪಾಲದ ಒಂದು ಲ್ಯಾಬಿನಲ್ಲಿ ಮೊದಲು ಮೇಣದಲ್ಲಿ ತಿದ್ದಿ ಹಲ್ಲಿನ ಸೆಟ್ಟು ಮಾಡುವವಳು. ಆ ಕೆಲಸ ಬರ್ತಾಳಿಗೆ ಮೊದಲಿನಿಂದಲೂ ಸರಿಬರುತ್ತಿರಲಿಲ್ಲ. ಸಣ್ಣ ಪೆಟ್ಟಿಗೆಯನ್ನು ಮಣ್ಣು ಮಾಡಿ ಬಂದ ದಿನ, ಚಾವಡಿಯ ತುಂಬ ನೆಂಟರು ಇದ್ದಾಗ, "ಹಗಲಿಡೀ ಜೀವ ಇಲ್ಲದ ಹಲ್ಲುಗಳನ್ನು ಮುಟ್ಟಿಕೊಂಡು ಕೂತವಳ ಹೊಟ್ಟೆಯಲ್ಲಿ ಜೀವ ನಿಲ್ಲುವುದು ಹೇಗೆ?" ಎಂದುಬಿಟ್ಟಳು. ಬಾಗಿಲ ಹಿಂದೆಯೇ ಆಶ್ಲಿ ಇದ್ದಳು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂದು ಹೇಳಿಕೊಡಬೇಕಾದ ವಯಸ್ಸೇ ಬರ್ತಾಳದ್ದು?

ಆಮೇಲೆ ಬರ್ತಾ ಪಾಪನಿವೇದನೆಗೆ ಹೋಗಿ ಅದನ್ನು ಹೇಳಿಕೊಂಡದ್ದು ನಿಜ. ಪಾದ್ರಿಗಳು, "ಸೊಸೆಯ ಹತ್ತಿರ ಹೇಳಿದ್ದೀರಾ?" ಎಂದು ಕೇಳಿದರು. "ನಿಮಗೆ ಹೇಳಿದೆನಲ್ಲ ಫಾದರ್," ಎಂದಳು. "ಅವಳ ಹತ್ತಿರ ಹೋಗಿ ಬಾಯಮ್ಮ," ಎಂದರು ಅವರು. ಬರ್ತಾಳಿಗೆ ಸಿಟ್ಟೇ ಬಂತು. ದೇವರು ಕ್ಷಮಿಸಿದ ಮೇಲೆ ಸೊಸೆಯದ್ದು ಬೇರೆ ಪರ್ಮಿಶನ್ ಬೇಕೇ? ಹೇಳಲು ಹೋದದ್ದೂ ಉಂಟು, ಎರಡು ಮೂರು ಸಲ. ಆಶ್ಲಿಯ ಬೆನ್ನು ನೋಡಿದ ಕೂಡಲೆ ಬಾಯಿಗೆ ಬರುತ್ತಿದ್ದುದು ಬೇರೆಯೇ: "ಕೇಳಿ ಅವಳಿಗೆ, ತೆಂಗಿನಕಾಯಿ ತುರಿದಾಯಿತಾ ಅಂತ."

"ನನ್ನ ಮಂಡೆಬಿಸಿ ಮಾಡಬೇಡಿ ಬಾಯಮ್ಮ," ವಿನೋದಾ ಕೊನೆಗೆ ಬುಟ್ಟಿಯ ತಳದಿಂದ ಮುರಿದ ಮೇಣದ ಕಾಲೊಂದನ್ನು ತೆಗೆದು ಅವಳ ಕೈಗೆ ತುರುಕಿದಳು. "ಬಿಸಿಲಿಗೆ ಹಿಡಿದರೆ ಮೆತ್ತಗಾಗ್ತದೆ. ನಿಮಗೆ ಬೇಕಾದ ಹಾಗೆ ನೀವೇ ಮಾಡಿಕೊಳ್ಳಿ. ಎಲುಬಿಲ್ಲದ ನಾಲಿಗೆ, ಅದರಲ್ಲಿ ಎಂತ ಕಷ್ಟ?"

ಬರ್ತಾ ಮೆಟ್ಟಿಲಿನಲ್ಲಿ ಕೂತು ಮೇಣ ನಾದಿದಳು. ಮೊದಲು ತೊಂಡೆಕಾಯಿ ಆಯಿತು. ತಟ್ಟಿದ್ದಕ್ಕೆ ಹಪ್ಪಳವಾಯಿತು. ಮತ್ತೆ ಉರುಟು ಮಾಡಿದರೆ ಪುನಃ ತೊಂಡೆಕಾಯಿ. ಪಕ್ಕದಲ್ಲಿ ಕೂತ ರೊಸಾರಿಯೊ ಪಾಪ, ನೋಡಿ ಮಾಡಲಿ ಎಂದು ತನ್ನ ನಾಲಿಗೆಯನ್ನು ಉದ್ದಕ್ಕೆ ಹೊರಹಾಕಿ ತೋರಿಸಿದ. ಮೆಟ್ಟಿಲು ಹತ್ತುತ್ತಿದ್ದ ಇಬ್ಬರು ಹುಡುಗಿಯರು ನಕ್ಕರು.

"ಒಳಗೆ ಹಾಕಿ! ಮರ್ಯಾದೆ ತೆಗೆಯುವುದಕ್ಕೆ ಇಷ್ಟು ದೂರ ಬಂದದ್ದಾ?" ಎಂದು ಬರ್ತಾ ಗದರಿದಳು. ಬೆವರಿನ ಕೈಗೆ ಮೇಣ ಜಾರಿ ಜಾರಿ ಅವಳಿಗೆ ಅಳುವೇ ಬರುವಂತಾಗಿತ್ತು.

ಗೇರುಮರದ ಕೆಳಗಿನಿಂದ ಇದನ್ನೆಲ್ಲ ನೋಡುತ್ತಿದ್ದ ಆಶ್ಲಿಗೆ ತಡೆಯಲಾಗಲಿಲ್ಲ. ಕೆಲಸ ಗೊತ್ತಿದ್ದವರಿಗೆ ಇನ್ನೊಬ್ಬರು ಅದನ್ನು ಹಾಳು ಮಾಡುವುದನ್ನು ನೋಡುವಷ್ಟು ದೊಡ್ಡ ಹಿಂಸೆ ಬೇರೆ ಇಲ್ಲ. ಹತ್ತಿರ ಬಂದು, ಮಾವನ ಮುಖ ನೋಡಿ ಹೇಳಿದಳು:

"ಪಪ್ಪಾ, ನಾಲಿಗೆ ಹಾಗಿರುವುದಿಲ್ಲ ಅಂತ ಹೇಳಿ."

"ಗೊತ್ತಿದ್ದವರು ಮಾಡಲಿ ಅಂತ ಹೇಳಿ," ಬರ್ತಾ ಮೇಣವನ್ನು ಗಂಡನ ತೊಡೆಯ ಮೇಲೆ ಕುಕ್ಕಿದಳು.

ಆಶ್ಲಿ ಮೇಣ ಎತ್ತಿಕೊಂಡು ಕೂತಳು. ತಲೆಯಿಂದ ಕ್ಲಿಪ್ಪೊಂದನ್ನು ತೆಗೆದು, ವಿನೋದಾಳ ಮೋಂಬತ್ತಿಯಲ್ಲಿ ಅದರ ತುದಿ ಕಾಯಿಸಿದಳು. "ಪಪ್ಪಾ, ಆ ಮಾಡಿ," ಎಂದು ಅವನ ಗಲ್ಲ ಹಿಡಿದು ಒಳಗೆ ನೋಡಿದಳು. ಆಮೇಲೆ ಅವಳ ಬೆರಳುಗಳು ಮಾತ್ರ ಆಡಿದವು. ಹಿಂದೆ ದಪ್ಪ, ಮುಂದೆ ತೆಳು, ನಡುವೆ ಒಂದು ಗೆರೆ, ಬದಿಗಳಲ್ಲಿ ಹಲ್ಲು ಒತ್ತಿದ ಸಣ್ಣ ಸಣ್ಣ ಗುರುತು. ಐದು ನಿಮಿಷ ಆಗಿರಲಿಕ್ಕಿಲ್ಲ, ಅವಳ ಅಂಗೈಯಲ್ಲಿ ನಾಲಿಗೆಯೊಂದು ಮಲಗಿತ್ತು. ವಿನೋದಾ ಗಿರಾಕಿಗಳನ್ನು ಬಿಟ್ಟು ಎದ್ದು ಬಂದು ನೋಡಿದಳು.

"ಅಬ್ಬಾ! ಈ ಕೈಯ ಬೆಲೆ ನಿಮ್ಮ ಮನೆಯವರಿಗೆ ಗೊತ್ತುಂಟಾ?"

ಸೊಸೆ ಕೆಲಸ ಮಾಡುವುದನ್ನು ಬರ್ತಾ ನೋಡಿದ್ದು ಇದೇ ಮೊದಲು. ಆಶ್ಲಿಯ ಎಡಗೈ ಹೆಬ್ಬೆರಳಿನಲ್ಲಿ ಹಳೆಯ ಸುಟ್ಟ ಕಲೆ ಇತ್ತು. ಇಂಥ ಕೈಗೆ ತಾನು ಅಂಥ ಮಾತು ಹೇಳಿದೆನಲ್ಲ ಎಂದು ಅವಳಿಗೆ ನಾಚಿಕೆಯಾಯಿತು, ನಾಚಿಕೆಯಾದದ್ದಕ್ಕೆ ಕಿರಿಕಿರಿಯೂ ಆಯಿತು. "ತಡವಾಯಿತು ಅಂತ ಹೇಳಿ," ಎಂದು ಸೀರೆ ಕೊಡವಿಕೊಂಡು ಎದ್ದಳು.

ಒಳಗೆ ಸಾಲು ನಿಧಾನವಾಗಿ ಸರಿಯುತ್ತಿತ್ತು. ಮುಂದೆ ಆಳೆತ್ತರದ ಶಿಲುಬೆ. ಜನ ಮುಟ್ಟಿ ಮುಟ್ಟಿ ಯೇಸುವಿನ ಪಾದದ ಬಣ್ಣ ಮಾಸಿ ಮರ ಕಾಣುತ್ತಿತ್ತು. ಕೆಳಗಿನ ಹರಿವಾಣದಲ್ಲಿ ಕೈಗಳು, ಕಾಲುಗಳು, ಕಣ್ಣುಗಳು ರಾಶಿ ಬಿದ್ದಿದ್ದವು. ತಮ್ಮ ಸರದಿ ಬಂದಾಗ ಬರ್ತಾ ಮೊಣಕಾಲೂರಿ, ಶಿಲುಬೆಯ ಗುರುತು ಹಾಕಿ, ಗಟ್ಟಿಯಾಗಿಯೇ ಹೇಳಿದಳು: "ಸ್ವಾಮಿ ಯೇಸುವೇ, ಈ ಸಲ ನಿನಗೆ ಸಂಶಯವೇ ಬೇಡ. ಸರಿಯಾಗಿ ನಾಲಿಗೆಯನ್ನೇ ತಂದಿದ್ದೇನೆ." ಎದ್ದು, ಮೇಣವನ್ನು ಗಂಡನ ತುಟಿಗೆ ಮುಟ್ಟಿಸಲು ಕೈ ಚಾಚಿದಳು.

ರೊಸಾರಿಯೊ ಅವಳ ಮಣಿಕಟ್ಟು ಹಿಡಿದುಕೊಂಡ. ಬಿದ್ದು ಎದ್ದ ಬಲಗೈ. ಆದರೂ ಬಿಡಲಿಲ್ಲ. ಹಿಡಿದ ಕೈಯನ್ನು ನಿಧಾನವಾಗಿ ಅವಳ ಕಡೆಗೇ ತಿರುಗಿಸಿ, ಮೇಣದ ನಾಲಿಗೆಯನ್ನು ಅವಳ ತುಟಿಗೆ ಒತ್ತಿದ.

"ನಿಮಗೆ ತಲೆ ಸರಿ ಉಂಟಾ? ನನ್ನ ಮಾತಿಗೆ ಎಂತಾಗಿದೆ?"

ಅವನು ಮತ್ತೂ ಒತ್ತಿದ. ಅವನ ಕಣ್ಣು ಆಶ್ಲಿಯ ಕಡೆ ಹೋಯಿತು, ತಿರುಗಿ ಬರ್ತಾಳ ಕಡೆ ಬಂತು. ಊಟದ ಮೇಜಿನಲ್ಲಿ ಎರಡು ವರ್ಷ ಆಚೆ ಈಚೆ ತಿರುಗಿದ ಮುಖವೇ ಅದು. ಕಣ್ಣಿನಲ್ಲಿ ನೀರು ತುಂಬಿತ್ತು.

"ಎಂತ ಮಾರ್ರೆ, ಮನೆಯ ಜಗಳ ಮನೆಯಲ್ಲಿ ಮಾಡಿ. ಹಿಂದೆ ಜನ ನಿಂತಿದ್ದಾರೆ," ಎಂದು ಹಿಂದಿನಿಂದ ಯಾರೋ ಕೂಗಿದರು. ಅಂಥವರ ಬಾಯಿ ಮುಚ್ಚಿಸಲು ಬರ್ತಾಳಿಗೆ ಒಂದು ಕ್ಷಣ ಸಾಕು. ಇವತ್ತು ಅವಳು ತಲೆಯೆತ್ತಿ ಶಿಲುಬೆ ನೋಡಿದಳು. ಯೇಸುವೂ ಕುತ್ತಿಗೆ ವಾಲಿಸಿ ಅವಳನ್ನೇ ನೋಡುತ್ತಿದ್ದ. ಎಲ್ಲರೂ ಗಂಡನ ಪಕ್ಷವೇ ಎಂದು ಅವಳಿಗೆ ಅನ್ನಿಸಿತು.

"ಆಶ್ಲಿ," ಎಂದಳು. ಎರಡು ವರ್ಷದಿಂದ ಆಡದ ಹೆಸರು. "ಮಗುವನ್ನು ಮಣ್ಣು ಮಾಡಿ ಬಂದ ದಿನ ನಾನೊಂದು ಮಾತು ಹೇಳಿದೆ. ದುಃಖದಲ್ಲಿ ಬಂತು, ಬಾಯಿತಪ್ಪಿ ಬಂತು ಅಂತ ಈಗ ಹೇಳುವುದಿಲ್ಲ. ಅದು ಸುಳ್ಳು ಮಾತು. ನಿನ್ನ ಕೈಯಿಂದ, ನಿನ್ನ ಕೆಲಸದಿಂದ ಎಂತದೂ ಆದದ್ದಲ್ಲ. ಮಗು ಹೋಯಿತಲ್ಲ ಅಂತ ನನಗೆ ಯಾರಿಗಾದರೂ ಬೈಯಬೇಕಿತ್ತು. ಇವನಿಗೆ ಬೈಯಲು ಹೆದರಿಕೆ." ಅವಳು ಶಿಲುಬೆಯ ಕಡೆ ಗಲ್ಲ ತೋರಿಸಿದಳು. "ನಿನಗೆ ಬೈದೆ. ನನ್ನದು ತಪ್ಪಾಯಿತು ಮಗಾ."

ಆಶ್ಲಿ ನೆಲ ನೋಡುತ್ತ ನಿಂತಿದ್ದಳು. ಆಮೇಲೆ ಕೈ ಚಾಚಿ ಅತ್ತೆಯ ಕೈಯಿಂದ ಮೇಣದ ನಾಲಿಗೆಯನ್ನು ತೆಗೆದುಕೊಂಡಳು. ಗಂಡ ಹೆಂಡತಿಯ ಎಳೆದಾಟದಲ್ಲಿ ಅದರ ತುದಿ ಬಗ್ಗಿತ್ತು. ಅದನ್ನು ಹೆಬ್ಬೆರಳಿನಿಂದ ತೀಡಿ ನೇರ ಮಾಡಿ, ಹರಿವಾಣದ ರಾಶಿಯ ಮೇಲೆ ಬೀಳದ ಹಾಗೆ ಇಟ್ಟಳು.

ರೊಸಾರಿಯೊನಿಗೆ ಮಾತು ಬರಲಿಲ್ಲ. ಮೆಟ್ಟಿಲಿಳಿಯುವಾಗ ಅವನು ಎಂದಿನ ಹಾಗೆ ಬರೀ ಗಾಳಿ ಬಿಟ್ಟ. ಆಶ್ಲಿಯದ್ದೂ ಅದೇ ಕಥೆ. ರಿಕ್ಷಾದಲ್ಲಿ ಮಾತಿಲ್ಲ, ಕಾರ್ಕಳದ ಬಸ್‌ಸ್ಟ್ಯಾಂಡಿನಲ್ಲಿ ಮಾತಿಲ್ಲ. ಅಷ್ಟು ಜನರ ಮುಂದೆ ಮಾನ ಬಿಟ್ಟು ಹೇಳಿದ್ದಕ್ಕೆ ಒಂದು ಹೂಂ ಎಂದರೆ ಇವಳ ಗಂಟು ಹೋಗುತ್ತದೆಯೇ ಎಂದು ಬರ್ತಾ ಒಳಗೊಳಗೇ ಕುದಿದಳು. "ಹೇಳಿ ಅವಳಿಗೆ" ಎನ್ನಲು ಗಂಡನ ಕಡೆ ತಿರುಗಿ, ಬಾಯಿ ತೆರೆದು, ಮುಚ್ಚಿಕೊಂಡಳು. ಇನ್ನು ಆ ದಾರಿ ಇಲ್ಲ ಎಂದು ಅವಳಿಗೂ ಗೊತ್ತಾಗಿತ್ತು. ಸೊಸೆ ಇನ್ನು ಎಂದೂ ಮಾತಾಡದಿದ್ದರೆ ಎಂದು ಯೋಚಿಸಿ ಹೆದರಿದಳು.

ಉಡುಪಿಯ ಬಸ್ಸು ಬಂತು. ಬರ್ತಾ ಹತ್ತಿ, ರೂಢಿಯಂತೆ ಮೂರು ಜನರ ಸೀಟಿನಲ್ಲಿ ಕಿಟಕಿಯ ಬದಿಗೆ ಹೋಗಿ ಕೂತಳು. ಆಶ್ಲಿ ಮಾವನ ತೋಳು ಹಿಡಿದು ಹತ್ತಿಸಿಕೊಂಡು ಬಂದು, ಸೀಟಿನ ಪಕ್ಕ ನಿಂತಳು. ಕೂರಲಿಲ್ಲ. ಕಂಡಕ್ಟರ್ ವಿಸಿಲ್ ಹಾಕಿಯಾಗಿತ್ತು.

"ಮಾಂಯ್," ಎಂದಳು. ಮದುವೆಯಾಗಿ ಬಂದ ದಿನದಿಂದ ಅತ್ತೆಯನ್ನು ಕರೆಯುತ್ತಿದ್ದ, ಎರಡು ವರ್ಷದಿಂದ ಕರೆಯದ ಮಾತು. ದನಿಯಲ್ಲಿ ಪ್ರೀತಿಗೀತಿ ಏನೂ ಇರಲಿಲ್ಲ. ದಣಿದಿದ್ದಳು, ಸ್ವಲ್ಪ ರೇಗಿದ ಹಾಗೂ ಇತ್ತು. "ನೀವು ಈಚೆ ಬನ್ನಿ. ಪಪ್ಪನನ್ನು ಕಿಟಕಿಯ ಹತ್ತಿರ ಕೂರಿಸುವ. ಪಾಪ, ಅವರಿಗೆ ನಡುವೆ ಕೂತು ಸಾಕಾಗಿದೆ."

ಬರ್ತಾ ಎದ್ದಳು. ಎದ್ದ ರಭಸಕ್ಕೆ ಸೆರಗು ಸೀಟಿನ ಕಬ್ಬಿಣಕ್ಕೆ ಸಿಕ್ಕಿತು, ಆಶ್ಲಿ ಬಗ್ಗಿ ಬಿಡಿಸಿದಳು. ರೊಸಾರಿಯೊ ಕಿಟಕಿಯ ಬದಿಗೆ ಸರಿದು, ಸರಳಿನ ಮೇಲೆ ಕೈಯಿಟ್ಟು ಹೊರಗೆ ನೋಡತೊಡಗಿದ. ಪಕ್ಕದಲ್ಲಿ ಅತ್ತೆ ಸೊಸೆಯ ಮೊಣಕೈಗಳು ಒಂದಕ್ಕೊಂದು ತಾಗಿಕೊಂಡಿದ್ದವು. ಬೈಲೂರು ದಾಟುವ ಮೊದಲೇ ಅವನಿಗೆ ನಿದ್ದೆ ಹತ್ತಿತ್ತು, ಗಾಳಿಗೆ ಮುಖ ಕೊಟ್ಟು, ಬಾಯಿ ಸ್ವಲ್ಪ ತೆರೆದುಕೊಂಡು.