ಓರೆ ತುಟಿ

ಆ ಟೈಲರ್ ಅಂಗಡಿಯಲ್ಲಿ ಅಳತೆ ತೆಗೆಯುವವನು ಅಣ್ಣ, ಹೊಲಿಯುವವಳು ತಂಗಿ. ಬೀದಿಯವರೆಲ್ಲ ಅವರನ್ನು ಕರೆಯುತ್ತಿದ್ದದ್ದೂ ಹಾಗೇ. ತಂಗಿಗೆ ಅರ್ಧ ತಲೆ ನೆರೆತಿತ್ತು, ಮಗಳ ಮದುವೆಯೂ ಮುಗಿದಿತ್ತು, ಆದರೂ ಅವಳು ತಂಗಿಯೇ. ಅಣ್ಣನಿಗೆ ಮಾತೇ ಬಂಡವಾಳ. ಗಿರಾಕಿಯ ಹೊಟ್ಟೆ ಎಷ್ಟೇ ಮುಂದೆ ಬಂದಿರಲಿ, "ಇಳಿದುಹೋಗಿದ್ದೀರಲ್ಲ ಸಾರ್" ಅಂದೇ ಟೇಪು ಸುತ್ತುತ್ತಿದ್ದ. ತಂಗಿಗೆ ಆ ಭಾಗ್ಯವಿರಲಿಲ್ಲ. ಅವಳ ಬಾಯಿಯ ಎಡ ತುದಿಯಲ್ಲಿ ಸದಾ ನಾಲ್ಕಾರು ಗುಂಡುಪಿನ್ನುಗಳು. ಗಿರಾಕಿಯ ಕಾಲ ಬುಡದಲ್ಲಿ ಮಂಡಿಯೂರಿ, ಒಂದೊಂದೇ ಪಿನ್ನು ತೆಗೆದು ಬಟ್ಟೆಗೆ ಚುಚ್ಚುತ್ತಾ, ಯಾರು ಏನಂದರೂ "ಹ್ಞೂಂ" ಎನ್ನುವುದಷ್ಟೇ ಅವಳ ಉತ್ತರ. ಮದುವೆ ಗೊತ್ತು ಮಾಡಿದಾಗಲೂ ಹ್ಞೂಂ ಅಂದಿದ್ದಳು. ಗಂಡ ತೀರಿಕೊಂಡ ಮೇಲೆ "ಇನ್ನು ಇಲ್ಲೇ ಇದ್ದುಬಿಡು" ಎಂದು ಅಣ್ಣ ಹೇಳಿದಾಗಲೂ ಹ್ಞೂಂ.

ಇಂಥವಳು ಒಂದು ದಿನ ಕೊಳಲು ಕೊಂಡು ತಂದಳು. ಯಾಕೆ ಅಂದವರಿಗೆ ಹೇಳಲು ದೊಡ್ಡ ಕಾರಣವೇನೂ ಇರಲಿಲ್ಲ. ಬೇಕು ಅನ್ನಿಸಿತು, ತಂದಳು. ಇಷ್ಟು ವರ್ಷ ಬೇರೆಯವರಿಗೆ ಬೇಕಾದ್ದನ್ನೇ ಹೊಲಿದುಕೊಟ್ಟವಳಿಗೆ ಅಷ್ಟು ಕಾರಣ ಸಾಲದೇ?

ಔಷಧಿ ಅಂಗಡಿಯ ಮಹಡಿಯಲ್ಲಿ ಮೇಷ್ಟ್ರೊಬ್ಬರು ಸಂಜೆ ಹೊತ್ತು ಕೊಳಲು ಕಲಿಸುತ್ತಿದ್ದರು. ಅಲ್ಲಿ ತಂಗಿಯ ಜೊತೆಗೆ ಸೇರಿದವರೆಲ್ಲ ಸ್ವರ ಹಿಡಿದು ಮುಂದಿನ ಪಾಠಕ್ಕೆ ಹೋದರು. ತಂಗಿಯ ಕೊಳಲಿನಿಂದ ಮಾತ್ರ ಬರೀ ಗಾಳಿ. ಮನೆಯಲ್ಲಿ ಕೂತು ಊದಿದರೆ ಅಣ್ಣ, "ಏನೇ, ಸೈಕಲ್ ಟ್ಯೂಬಿಗೆ ಪಂಕ್ಚರ್ರಾ?" ಅನ್ನುವನು. ಅತ್ತಿಗೆ ಅಡುಗೆಮನೆಯಿಂದಲೇ, "ಇದಕ್ಕಿಂತ ಕುಕ್ಕರ್ ವಾಸಿ ಕಣ್ರೀ. ಮೂರು ಸಲ ಕೂಗಿ ಸುಮ್ಮನಾಗುತ್ತೆ" ಎಂದು ದನಿಗೂಡಿಸುವಳು. ತಂಗಿ ಅದನ್ನೆಲ್ಲ ಕಿವಿಗೆ ಹಾಕಿಕೊಳ್ಳಲಿಲ್ಲ. ಆದರೆ ಮೇಷ್ಟ್ರ ಮಾತು ಹಾಗಲ್ಲ, ಎದೆಗೇ ನಾಟಿತು.

"ನೋಡಿ ತಂಗಿ, ನಿಮ್ಮ ತುಟಿ ಓರೆ. ಉಸಿರು ತುಟಿಯ ನಡುವಿಂದ ಬರಬೇಕು, ನಿಮಗೆ ಬರ್ತಿಲ್ಲ. ಮುಂದಿನ ವಾರದೊಳಗೆ ನೇರ ಆದರೆ ಸರಿ, ಇಲ್ಲದಿದ್ರೆ ಬಿಟ್ಬಿಡಿ. ನಿಮ್ಮ ಜಾಗಕ್ಕೆ ಕಾಯ್ತಾ ಇರೋರಿದ್ದಾರೆ."

"ಹ್ಞೂಂ" ಅಂದಳು ತಂಗಿ. ಮೆಟ್ಟಿಲಿಳಿಯುವಾಗ ಅವಳಿಗೆ ತನ್ನ ಮೇಲೇ ಸಿಟ್ಟು ಉಕ್ಕಿ ಬಂತು. ಬಾಯಲ್ಲಿ ಪಿನ್ನಿರಲಿಲ್ಲ, ಆದರೂ ಯಾಕೆ ಹ್ಞೂಂ ಅಂದೆ?

ವಾರವಿಡೀ ಕನ್ನಡಿ ಮುಂದೆ ನಿಂತು ತುಟಿಯನ್ನು ನಡುವಿಗೆ ಎಳೆದಳು, ಒತ್ತಿದಳು, ಬೈದಳು. ಅದು ಜಪ್ಪಯ್ಯ ಅನ್ನಲಿಲ್ಲ. ಒಂದು ಮಧ್ಯಾಹ್ನ, ಅಣ್ಣ ಊಟಕ್ಕೆ ಹೋಗಿದ್ದಾಗ, ಗಿರಾಕಿಗಳು ಬಟ್ಟೆ ತೊಟ್ಟು ನೋಡುವ ಪರದೆಯ ಹಿಂದಿನ ಕೋಣೆಗೆ ಹೋದಳು. ಅಸ್ತರಿನ ಬಟ್ಟೆಯಿಂದ ಒಂದು ಎಳೆ ಕಿತ್ತು, ತುಟಿಯ ಮುಂದೆ ಇಳಿಬಿಟ್ಟು ಊದಿದಳು. ನಡುವೆ ಹಿಡಿದಾಗ ಎಳೆ ಸುಮ್ಮನೆ ನೇತಾಡಿತು. ಎಡ ತುದಿಗೆ ತಂದಾಗ ಪಟಪಟನೆ ಹಾರಿತು.

ಪಿನ್ನು ಕಚ್ಚುವ ಜಾಗ! ಇಷ್ಟು ವರ್ಷ ಬಲಗಡೆ ಬಿಗಿದು, ಎಡಗಡೆ ಸಂದಿ ಬಿಟ್ಟೇ ಉಸಿರಾಡಿದ್ದ ಬಾಯಿ ಅದು. ಇನ್ನು ನಡುವಿಗೆ ಬಾ ಅಂದರೆ ಎಲ್ಲಿಂದ ಬಂದೀತು?

"ಬರದಿದ್ದರೆ ಬೇಡ ಬಿಡು" ಎಂದು ಅವಳು ಕನ್ನಡಿಗೇ ಹೇಳಿದಳು. ಕೊಳಲನ್ನು ಸರಿಸಿ ಅದರ ರಂಧ್ರವನ್ನು ಎಡ ತುದಿಯ ಕೆಳಗೆ ಇಟ್ಟು ಊದಿದಳು. ಒಂದು ಸ್ವರ ಎದ್ದಿತು. ರೆಪ್ಪೆ ಬಡಿಯುವಷ್ಟು ಹೊತ್ತಷ್ಟೇ, ಆದರೆ ಅದು ಗಾಳಿಯಲ್ಲ, ಸ್ವರ.

"ತಂಗೀ, ಗಿರಾಕಿ ಬಂದಿದ್ದಾರೆ!" ಊಟ ಮುಗಿಸಿ ಬಂದಿದ್ದ ಅಣ್ಣನ ಕೂಗು. ಅವಳು ಕೊಳಲನ್ನು ಮೆಷಿನ್ನಿನ ಮೇಲಿಟ್ಟು, ಅಭ್ಯಾಸದಂತೆ ಬಾಯಿಗೆ ಪಿನ್ನು ತುರುಕಿಕೊಂಡು ಹೊರಗೆ ಬಂದಳು. ಬಂದವರು ಮೇಷ್ಟ್ರು. ಕೊಳಲು ಕಛೇರಿಗೆಂದು ಹೊಲಿಯಲು ಕೊಟ್ಟಿದ್ದ ಹೊಸ ಪ್ಯಾಂಟನ್ನು ಪರದೆಯ ಹಿಂದೆ ಹೋಗಿ ತೊಟ್ಟು ಬಂದು ನಿಂತರು. ಕಾಲು ಉದ್ದವಾಗಿ ನೆಲ ಗುಡಿಸುತ್ತಿತ್ತು.

ತಂಗಿ ಮಂಡಿಯೂರಿ ಒಂದು ಕಾಲನ್ನು ಮಡಚಿ ಪಿನ್ನು ಹಾಕಿದಳು. ಅವಳ ತಲೆಯ ಮೇಲೆ ಇಬ್ಬರು ಗಂಡಸರ ಮಾತು ಶುರುವಾಯಿತು.

"ಇವಳ ಕೊಳಲಿನ ಕಥೆ ಏನಾಯ್ತು ಮೇಷ್ಟ್ರೇ?"

"ಏನು ಹೇಳ್ಲಿ? ಪಾಪ, ಕಷ್ಟಪಡ್ತಾರೆ. ಆದ್ರೆ ಆಗೋ ಹೋಗೋ ಮಾತಲ್ಲ."

"ಅದನ್ನೇ ಇನ್ನೊಂದ್ಸಲ ಗಟ್ಟಿಯಾಗಿ ಹೇಳ್ಬಿಡಿ. ನೀವು ಹೇಳಿದ್ರೆ ಕೇಳ್ತಾಳೆ. ಬಿಟ್ಬಿಡ್ತೀಯ ಅಲ್ವೇನೇ ತಂಗಿ?"

ಇಬ್ಬರೂ ಕೆಳಗೆ ನೋಡಿದರು. ಹ್ಞೂಂ ಬರಲಿ ಎಂದು ಕಾದರು.

ತಂಗಿ ಬಾಯಿಂದ ಪಿನ್ನುಗಳನ್ನು ಒಂದೊಂದಾಗಿ ತೆಗೆದು ಡಬ್ಬಿಗೆ ಹಾಕಿದಳು. ಎದ್ದು ನಿಂತಳು.

"ಬಿಡಲ್ಲ" ಅಂದಳು.

ಅಣ್ಣ ನಗಲು ಹೋಗಿ ತಡೆದುಕೊಂಡ. ಅವಳು ಕೊಳಲು ತೆಗೆದುಕೊಂಡು ಎಡ ತುದಿಗೆ ಇಟ್ಟಳು. ಮೊದಲು ಬಂದದ್ದು ಅದೇ ಹಾಳು ಗಾಳಿ.

"ತುಟಿ ಓರೆ..." ಮೇಷ್ಟ್ರು ಶುರುಮಾಡಿದರು.

"ಸ್ವಲ್ಪ ಸುಮ್ನಿರಿ ಮೇಷ್ಟ್ರೇ" ಅಂದಳು ತಂಗಿ. ಕೊಳಲನ್ನು ಒಂದು ಎಳೆಯಷ್ಟು ಒಳಗೆ ಸರಿಸಿ ಮತ್ತೆ ಊದಿದಳು. ಸ್ವರ ಬಂತು. ಮೊದಲು ನಡುಗಿತು, ಆಮೇಲೆ ನಿಂತಿತು. ಉಸಿರು ಮುಗಿಯುವವರೆಗೂ ನಿಂತಿತು. ಎದುರಿನ ಅಂಗಡಿಯವನು ಬಗ್ಗಿ ನೋಡಿದ.

"ತುಟಿ ಓರೆನೇ. ಸ್ವರ ಓರೆ ಇದೆಯಾ, ಹೇಳಿ" ಅಂದಳು ತಂಗಿ.

ಒಂದು ಕಾಲು ಮಡಚಿ, ಇನ್ನೊಂದು ನೆಲ ಗುಡಿಸುತ್ತಿದ್ದ ಪ್ಯಾಂಟಿನಲ್ಲಿ ಮೇಷ್ಟ್ರಿಗೆ ಹೊರಟುಹೋಗುವಂತೆಯೂ ಇರಲಿಲ್ಲ. ತಲೆ ಕೆರೆದುಕೊಂಡರು. "ಹೀಗೆ ನಾನು ಯಾರಿಗೂ ಕಲಿಸಿಲ್ಲ" ಅಂದರು. ಆಮೇಲೆ ಕೊಳಲಿನತ್ತ ಕೈ ತೋರಿಸಿ, "ಎಲ್ಲಿ, ಇನ್ನೊಂದ್ಸಲ."

"ಆಯ್ತಲ್ಲ, ಮೊದಲು ಆ ಕಾಲು ಮುಗಿಸೇ. ಮೇಷ್ಟ್ರಿಗೆ ಹೊತ್ತಾಗುತ್ತೆ" ಎಂದು ಅಣ್ಣ ಪಿನ್ನಿನ ಡಬ್ಬಿ ಚಾಚಿದ.

ತಂಗಿ ಅದನ್ನು ಮುಟ್ಟಲಿಲ್ಲ. "ನೀನೇ ಹಾಕಣ್ಣ. ನನಗೀಗ ಪಾಠ ಇದೆ."

ಅಣ್ಣ ಮೇಷ್ಟ್ರ ಮುಖ ನೋಡಿದ. ಮೇಷ್ಟ್ರು ಕಣ್ಣು ಮುಚ್ಚಿ ಕಾಯುತ್ತಿದ್ದರು. ಬೇರೆ ದಾರಿ ಕಾಣದೆ ಅಣ್ಣ ಉಸ್ಸೆಂದು ಮಂಡಿಯೂರಿದ. ಒಂದು ಕೈಯಲ್ಲಿ ಬಟ್ಟೆ ಹಿಡಿದು ಇನ್ನೊಂದರಲ್ಲಿ ಮಡಚಬೇಕು, ಪಿನ್ನು ಇಟ್ಟುಕೊಳ್ಳಲು ಕೈಯೇ ಉಳಿಯಲಿಲ್ಲ. ನಾಲ್ಕು ಪಿನ್ನು ಬಾಯಿಗೆ ಕಚ್ಚಿಕೊಂಡ.

ತಂಗಿ ಇನ್ನೊಂದು ಸಲ ಊದಿ, "ಹೇಗಿತ್ತಣ್ಣ?" ಎಂದು ಕೇಳಿದಳು.

"ಹ್ಞೂಂ" ಅಂದ ಅಣ್ಣ.

ತಂಗಿ ಮತ್ತೆ ಊದತೊಡಗಿದಳು.