ಬಲಬದಿಯ ವಿಜ್ಜಿ

ಮೂಡುಬಿದಿರೆಯ ಕ್ರೀಡಾ ಹಾಸ್ಟೆಲಿನಲ್ಲಿ ಬಾಸ್ಕೆಟ್‌ಬಾಲ್ ಹುಡುಗಿಯರಿಗೆ ಒಂದೇ ಸೀಟು ಉಳಿದಿತ್ತು. ಆಯ್ಕೆ ಮಾಡಲು ಕೂತವರು ಇಬ್ಬರು, ನಾನು ಮತ್ತು ನಿತ್ಯಾನಂದ ಸರ್. ಪುಂಜಾಲಕಟ್ಟೆಯ ಫಿದಾಳ ಅರ್ಜಿಯಲ್ಲಿ ತಾಯಿ ಶಬ್ನಾ, ವಾಸ ಸೌದಿಯ ದಮ್ಮಾಮ್ ಎಂದು ಓದಿದಾಗಲೇ ನನ್ನ ಕೈ ನಿಂತುಬಿಟ್ಟಿತು. ಸೀಟು ಸಿಗದಿದ್ದರೆ ಹುಡುಗಿ ಅಜ್ಜಿಯ ಮನೆ ಬಿಟ್ಟು ತಿರುಗಿ ದಮ್ಮಾಮ್‌ಗೆ ಹೋಗುತ್ತಾಳಂತೆ. ಹೋಗಬಾರದು, ನನ್ನ ಕಣ್ಣೆದುರೇ ಇರಬೇಕು ಎಂದು ಆಸೆಯಾಯಿತು.

ಶಬ್ನಾ ಮತ್ತು ನಾನು ಕಾಲೇಜಿನಲ್ಲಿ ಮೂರು ವರ್ಷ ಜೋಡಿ ಗಾರ್ಡ್ ಆಗಿದ್ದವರು. ವಿಶ್ವವಿದ್ಯಾಲಯದ ಫೈನಲ್‌ಗೆ ಇನ್ನೊಂದು ವಾರವಿದೆ ಎನ್ನುವಾಗ ಅವಳ ಮದುವೆಯಾಯಿತು. ಸಿಟ್ಟಿನಲ್ಲಿ ನಾನು ಮದುವೆಗೂ ಹೋಗಲಿಲ್ಲ, ಅವಳು ದಮ್ಮಾಮ್‌ಗೆ ಹೊರಟಾಗ ಬೀಳ್ಕೊಡಲೂ ಹೋಗಲಿಲ್ಲ. ಆಗ ನನ್ನ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತಿತ್ತು; ಈಗಲೂ ಅಲ್ಲೇ ಇದೆ, ಬೇಕಿದ್ದರೆ ನನ್ನ ಶಾಲೆಯ ಮಕ್ಕಳನ್ನು ಕೇಳಿ. ಇಪ್ಪತ್ತು ವರ್ಷದಲ್ಲಿ ಅವಳ ನೆನಪಾಗದ ಸಂಜೆ ಕಡಿಮೆ. ಅವಳು ನನ್ನನ್ನು ಮರೆತಿರಬೇಕು ಎಂದುಕೊಂಡಿದ್ದೆ.

ಫಿದಾ ಆಡತೊಡಗಿದಳು. ರಕ್ಷಣೆಗೆ ನಿಂತರೆ ಸೊಂಟ ಕೆಳಗೆ, ಕಾಲಿಗೆ ಕಾಲು ತೊಡರುವುದಿಲ್ಲ, ಕಣ್ಣು ಚೆಂಡಿನ ಮೇಲಲ್ಲ, ಎದುರಾಳಿಯ ಹೊಟ್ಟೆಯ ಮೇಲೆ. ಹತ್ತು ನಿಮಿಷದಲ್ಲಿ ಮೂರು ಪಾಸ್ ಕಿತ್ತುಕೊಂಡಳು. ಆದರೆ ಎದುರು ತಂಡದವಳು ದಾರಿಗೆ ಅಡ್ಡ ನಿಂತು ಸ್ಕ್ರೀನ್ ಹಾಕಿದಾಗಲೆಲ್ಲ ಎಡಕ್ಕೇ ಹಾರುತ್ತಿದ್ದಳು. ಬಲಬದಿ ಪೂರ್ತಿ ಖಾಲಿ. ಅಲ್ಲಿಂದಲೇ ನಾಲ್ಕು ಬಾಸ್ಕೆಟ್ ಬಿತ್ತು. ಪ್ರತಿ ಸಲವೂ ಏನೋ ಕೂಗುತ್ತಿದ್ದಳು. ಜೊತೆಯವರು ಮುಖ ಮುಖ ನೋಡಿಕೊಳ್ಳುತ್ತಿದ್ದರು.

"ಬಲಬದಿ ಹೆಬ್ಬಾಗಿಲು ತೆರೆದಿಟ್ಟ ಹಾಗೆ ಉಂಟು ಮಾರಾಯ್ರೆ," ಎಂದರು ನಿತ್ಯಾನಂದ ಸರ್. "ಇವಳನ್ನು ಬಿಡುವ. ತೋಡಾರಿನ ಹುಡುಗಿಯನ್ನು ತಗೊಳ್ಳುವ."

"ಐದು ನಿಮಿಷ ಕೊಡಿ ಸರ್. ಅವಳ ಹತ್ರ ಕೇಳ್ತೇನೆ."

ಅವಳನ್ನು ಕರೆದೆ. "ಎಂತ ಕೂಗುದು ನೀನು?"

"ವಿಜ್ಜಿ ಅಂತ, ಮೇಡಂ."

ವಿಜೇತಾ ಎಂಬ ನನ್ನನ್ನು ಹಾಗೆ ಕರೆಯುತ್ತಿದ್ದವಳು ಲೋಕದಲ್ಲಿ ಒಬ್ಬಳೇ.

"ಹಾಗಂದ್ರೆ ಎಂತ?"

"ಬಲಗಡೆ ನೀನು ನೋಡು ಅಂತ. ಉಮ್ಮ ಕಲಿಸಿದ್ದು, ಅಲ್ಲಿ ನಮ್ಮ ಫ್ಲ್ಯಾಟಿನ ಪಾರ್ಕಿಂಗಲ್ಲಿ. ಸ್ಕ್ರೀನ್ ಬಂದ್ರೆ ವಿಜ್ಜಿ ಅಂತ ಕೂಗಿ ಎಡಕ್ಕೆ ಹೋಗು, ಬಲಕ್ಕೆ ತಿರುಗಿ ಸಹ ನೋಡ್ಬೇಡ ಅಂತ ಹೇಳ್ತಾರೆ." ಅವಳು ಅನುಮಾನದಿಂದ ನನ್ನ ಮುಖ ನೋಡಿದಳು. "ಅದು ಆಟದ ಮಾತೇ ಅಲ್ವಾ ಮೇಡಂ? ಇಲ್ಲಿ ಯಾರಿಗೂ ಗೊತ್ತಿಲ್ಲ."

ಅವಳನ್ನು ತಬ್ಬಿಕೊಂಡು, ಅದು ನಾನೇ ಕಣೇ ಎಂದು ಹೇಳಬೇಕೆನ್ನಿಸಿತು. ಶಬ್ನಾ ಎಂದೂ ಬಲಕ್ಕೆ ತಿರುಗಿ ನೋಡಿದವಳಲ್ಲ, ಅಲ್ಲಿ ನಾನಿರುತ್ತಿದ್ದೆ. ಇಷ್ಟು ವರ್ಷವೂ ಆ ಜಾಗವನ್ನು ನನಗೇ ಬಿಟ್ಟಿದ್ದಳು, ಮಗಳಿಗೂ ಹಾಗೆಯೇ ಕಲಿಸಿದ್ದಳು. ಆದರೆ ಹೇಳಿದರೆ ಹುಡುಗಿ ಆ ಹೆಸರನ್ನು ಇನ್ನಷ್ಟು ಗಟ್ಟಿಯಾಗಿ ಹಿಡಿದುಕೊಳ್ಳುತ್ತಾಳೆ. ಬಿಡದಿದ್ದರೆ ಸೀಟಿಲ್ಲ.

"ಅದು ಹಳೇ ಮಾತು ಮಗಾ," ಎಂದೆ. "ಈಗ ಯಾರೂ ಹೇಳುದಿಲ್ಲ. ಸ್ಕ್ರೀನ್ ರೈಟ್ ಅಂತ ಕೂಗು. ಕೂಗಿ ಬಲಕ್ಕೆ ನೀನೇ ನೋಡು. ಅಲ್ಲಿ ಯಾರೂ ಇರುದಿಲ್ಲ."

"ಯಾರೂ ಇಲ್ವಾ?"

"ಇಲ್ಲ."

ಮತ್ತೆ ಆಟ ಶುರುವಾಯಿತು. ಮೊದಲ ಸಲ ಅವಳ ಬಾಯಿಂದ "ವಿ..." ಎಂದು ಬಂತು, ನುಂಗಿಕೊಂಡಳು. ಎರಡನೇ ಸಲ "ಸ್ಕ್ರೀನ್ ರೈಟ್!" ಎಂದು ಕೂಗಿ, ಬಲಕ್ಕೆ ಜಾರಿ ದಾರಿ ಮುಚ್ಚಿದಳು. ಮೂರನೆಯದಕ್ಕೆ ಚೆಂಡೇ ಅವಳ ಕೈಯಲ್ಲಿತ್ತು. ನಿತ್ಯಾನಂದ ಸರ್ ಪೆನ್ನು ತೆಗೆದು ಅವಳ ಹೆಸರಿಗೆ ಗುರುತು ಹಾಕಿದರು.

ಸೀಟು ಸಿಕ್ಕಿತು, ನನಗೆ ಬೇಕಾಗಿದ್ದೂ ಅದೇ. ಆದರೂ ಆಟ ಮುಗಿಯುವವರೆಗೆ ಕಿವಿಗೊಟ್ಟು ಕೂತಿದ್ದೆ, ತಪ್ಪಿಯಾದರೂ ಇನ್ನೊಮ್ಮೆ ವಿಜ್ಜಿ ಅಂತ ಕೂಗಿಯಾಳೇನೋ ಎಂದು. ಹುಡುಗಿ ಚುರುಕು, ಒಮ್ಮೆಯೂ ತಪ್ಪಲಿಲ್ಲ.